ಹಾಡಿನ ಅಳತೆಗೆ ಯಂತ್ರ



ನಮ್ಮ ಚಾಮರಾಜನಗರ ಜಿಲ್ಲೆಯ ಹಾಡನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಬೇಕು. ಅದಕ್ಕೆ ಯಾವ ಸಾಫ್ಟ್‌ವೇರ್ ಸರಿ? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಮೇಲೆ.

ಈ ಪ್ರಶ್ನೆ ದೊಡ್ಡ ಸ್ಟುಡಿಯೊಗಳಿಗೆ ಮಾತ್ರ ಸೇರಿದ್ದ ಕಾಲ ಮುಗಿಯಿತು. ಒಂದು ಹಳೆಯ ಲ್ಯಾಪ್‌ಟಾಪು, ಒಂದು ಮೈಕು, ಒಂದು ಹೆಡ್‌ಫೋನು ಇದ್ದರೆ ಗುಂಡ್ಲುಪೇಟೆಯ ಒಂದು ಮನೆಯ ನಡುಮನೆಯೂ ಸ್ಟುಡಿಯೊ ಆಗುತ್ತದೆ. ಹನೂರಿನಲ್ಲಿ, ಕೊಳ್ಳೇಗಾಲದಲ್ಲಿ, ಯಳಂದೂರಿನಲ್ಲಿ ಕುಳಿತು ಈ ಮಾತು ಕೇಳುತ್ತಿರುವ ಹುಡುಗ ಹುಡುಗಿಯರೇ, ನಾನು ಮುಖ್ಯವಾಗಿ ನಿಮ್ಮೊಂದಿಗೆ ಮಾತಾಡುತ್ತಿದ್ದೇನೆ. ಹಲವು ಸಾಫ್ಟ್‌ವೇರುಗಳ ಹೆಸರು ಹೇಳುತ್ತೇನೆ. ಯಾವ ಕಂಪನಿಯ ಪ್ರಚಾರವೂ ನನ್ನ ಉದ್ದೇಶವಲ್ಲ. ನಮ್ಮ ಹಾಡಿಗೆ ಯಾವುದು ಒದಗುತ್ತದೆ ಎನ್ನುವುದೊಂದೇ ಅಳತೆಗೋಲು.

ಮೊದಲು, ಈ ಸಾಫ್ಟ್‌ವೇರ್ ಏನು ಮಾಡುತ್ತದೆ ಎಂದು ನೋಡೋಣ. ಇದಕ್ಕೆ ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಎನ್ನುತ್ತಾರೆ. ಕೆಲಸಗಾರರು ಚಿಕ್ಕದಾಗಿ ‘ಡಾ’ ಎನ್ನುತ್ತಾರೆ. ಪರದೆಯ ಮೇಲೆ ಎಡದಿಂದ ಬಲಕ್ಕೆ ಹೋಗುವ ಉದ್ದನೆಯ ಪಟ್ಟಿಗಳಿರುತ್ತವೆ. ಒಂದೊಂದು ಪಟ್ಟಿಯೂ ಒಂದೊಂದು ಟ್ರ್ಯಾಕು. ಒಂದರಲ್ಲಿ ಹಾಡುಗಾರರ ದನಿ. ಇನ್ನೊಂದರಲ್ಲಿ ತಂಬೂರಿ. ಮತ್ತೊಂದರಲ್ಲಿ ಕಂಸಾಳೆ. ದನಿ ಏರಿದ ಕಡೆ ಪಟ್ಟಿಯೊಳಗಿನ ಗೆರೆ ದಪ್ಪವಾಗುತ್ತದೆ. ಇಳಿದ ಕಡೆ ಸಣ್ಣದಾಗುತ್ತದೆ. ಮೌನದಲ್ಲಿ ಬರಿಯ ಒಂದು ಎಳೆ ಉಳಿಯುತ್ತದೆ. ಈ ಪಟ್ಟಿಗಳನ್ನು ಕತ್ತರಿಸಬಹುದು, ಜೋಡಿಸಬಹುದು. ಒಂದನ್ನು ಜೋರು ಮಾಡಿ ಇನ್ನೊಂದನ್ನು ತಗ್ಗಿಸಬಹುದು. ಕೊನೆಗೆ ಎಲ್ಲವನ್ನೂ ಬೆರೆಸಿ ಒಂದೇ ಹಾಡಾಗಿ ಹೊರತೆಗೆಯಬಹುದು. ಇಷ್ಟು ಕೆಲಸವನ್ನು ಎಲ್ಲ ಸಾಫ್ಟ್‌ವೇರುಗಳೂ ಮಾಡುತ್ತವೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅವು ಹುಟ್ಟಿದ ಕಾರಣದಲ್ಲಿದೆ.

ಪ್ರೊ ಟೂಲ್ಸ್ 1991ರಲ್ಲಿ ಅಮೆರಿಕದ ಸ್ಟುಡಿಯೊಗಳಿಗಾಗಿ ಬಂತು. ಟೇಪು ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವುದು ಅದರ ಗುರಿ. ಜರ್ಮನಿಯ ಕ್ಯೂಬೇಸ್ 1989ರಲ್ಲಿ ಬಂದಾಗ ಧ್ವನಿಯನ್ನೇ ಹಿಡಿಯುತ್ತಿರಲಿಲ್ಲ. ಕೀಬೋರ್ಡಿನ ಯಾವ ಮನೆಯನ್ನು ಯಾವಾಗ ಒತ್ತಿದರು ಎಂಬುದನ್ನು ಮಾತ್ರ ಬರೆದಿಡುತ್ತಿತ್ತು. ಬೆಲ್ಜಿಯಂನ ಎಫ್ಎಲ್ ಸ್ಟುಡಿಯೊ 1997ರಲ್ಲಿ ಒಂದು ಪುಟ್ಟ ಡ್ರಮ್ ಯಂತ್ರವಾಗಿ ಶುರುವಾಯಿತು. ಬರ್ಲಿನ್ನಿನ ಏಬಲ್ಟನ್ ಲೈವ್ 2001ರಲ್ಲಿ ವೇದಿಕೆಯ ಮೇಲೆ ಧ್ವನಿಯ ತುಣುಕುಗಳನ್ನು ತಿರುತಿರುಗಿ ನುಡಿಸಲಿಕ್ಕೆ ಬಂತು. ಆಡಾಸಿಟಿಯನ್ನು 2000ದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಹೊರತಂದರು. ರೆಕಾರ್ಡ್ ಮಾಡುವುದು, ಕತ್ತರಿಸುವುದು, ಉಳಿಸುವುದು ಅದರ ಕೆಲಸ. ಹಿಂದೆ ಕಂಪ್ಯೂಟರಿನಲ್ಲಿ ಹಾಡು ಕೇಳಲು ವಿನ್ಆಂಪ್ ಎಂಬುದೊಂದಿತ್ತು, ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ 2006ರ ಹೊತ್ತಿಗೆ ರೀಪರ್ ಎಂಬ ಸಾಫ್ಟ್‌ವೇರನ್ನು ಕೊಟ್ಟರು.

ಇವುಗಳಲ್ಲಿ ಯಾವುದೂ ಕಂಸಾಳೆಯನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ್ದಲ್ಲ. ಆದ್ದರಿಂದ ಆಯ್ಕೆಯ ಹೊಣೆ ನಮ್ಮ ಮೇಲಿದೆ.

ಈಗ ನಮ್ಮ ಹಾಡಿನ ಕಡೆ ತಿರುಗೋಣ. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಮುಂದಾಳು ಕಥೆ ಬೆಳೆಸುತ್ತಾರೆ, ಜೊತೆಯವರು ಸೊಲ್ಲು ಹಿಡಿಯುತ್ತಾರೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಹಾಡುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸುತ್ತು ಕಟ್ಟಿ ಕುಣಿಯುತ್ತ ಗೊರುಕನ ಹಾಡುತ್ತಾರೆ. ಗಡಿಯಾಚೆ ತಾಳವಾಡಿಯ ಕನ್ನಡಿಗರಿಗೂ ಮಾದಪ್ಪ ಮನೆದೇವರೇ. ಜಿಲ್ಲೆ, ರಾಜ್ಯ ಎಂಬ ಗೆರೆಗಳು ಈ ಹಾಡಿಗೆ ಇಲ್ಲ.

ಯಂತ್ರ ಈ ಹಾಡಿನ ಬಳಿಗೆ ಬಂದದ್ದು ಇದೇ ಮೊದಲಲ್ಲ. ಹಿಂದಿನ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಸುಮಾರು 3 ನಿಮಿಷ ಹಿಡಿಯುತ್ತಿತ್ತು. ಆಮೇಲೆ ಬಂದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಸಾಮಾನ್ಯವಾಗಿ 30 ನಿಮಿಷ. ಕ್ಯಾಸೆಟ್ಟು ಮಾದಪ್ಪನ ಹಾಡನ್ನು ಬಸ್ಸಿಗೆ, ಹೋಟೆಲಿಗೆ, ಹೊಲದ ಮನೆಗೆ ತಲುಪಿಸಿತು. ಆ ಉಪಕಾರ ದೊಡ್ಡದು. ಆದರೆ ರಾತ್ರಿಯಿಡೀ ನಡೆಯುವ ಕಥೆ 30 ನಿಮಿಷಕ್ಕೆ ಕುಗ್ಗಬೇಕಾಯಿತು. ಪ್ರತಿಯೊಂದು ಯಂತ್ರವೂ ಹಾಡಿನಿಂದ ಏನನ್ನೋ ಬಿಟ್ಟುಕೊಡು ಎಂದು ಕೇಳುತ್ತದೆ. ತಟ್ಟೆಯೂ ಕ್ಯಾಸೆಟ್ಟೂ ಹೊತ್ತನ್ನು ಕೇಳಿದವು. ಇಂದಿನ ಸಾಫ್ಟ್‌ವೇರ್ ಲಯವನ್ನು ಕೇಳುತ್ತದೆ, ಶ್ರುತಿಯನ್ನು ಕೇಳುತ್ತದೆ. ಕೆಲವು ಸಲ ನಾದವನ್ನೇ ಕೇಳುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ಯಾವ ಸಾಫ್ಟ್‌ವೇರಿನಲ್ಲಿ ಎಷ್ಟು ಸೌಲಭ್ಯ ಇದೆ ಎಂದು ಎಣಿಸಬೇಡಿ. ಅದು ನಮ್ಮ ಹಾಡಿನಿಂದ ಎಷ್ಟು ಬಿಟ್ಟುಕೊಡು ಎನ್ನುತ್ತದೆ ಎಂದು ನೋಡಿ. ಐದು ಪರೀಕ್ಷೆಗಳನ್ನು ಹೇಳುತ್ತೇನೆ. ಹೊತ್ತು, ಲಯ, ಶ್ರುತಿ, ನಾದ, ಉಳಿಕೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಹೊತ್ತು.

ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಮಾದಪ್ಪನ ಕಥೆ ಸಾಲು ಸಾಲಾಗಿ ಬೆಳೆಯುತ್ತದೆ. ಒಂದು ಸಾಲೇ ಗಂಟೆಗಟ್ಟಲೆ ನಡೆಯಬಹುದು. ಹಾಡುಗಾರರನ್ನು ನಡುವೆ ನಿಲ್ಲಿಸಿ, ಈಗ ಫೈಲು ಬದಲಿಸಬೇಕು ಎನ್ನುವ ಹಾಗಿಲ್ಲ. ನಿಲ್ಲಿಸಿದರೆ ಕಥೆಯ ಓಟ ಕಡಿಯುತ್ತದೆ.

ಲೆಕ್ಕ ಸರಳ. ಒಳ್ಳೆಯ ಗುಣಮಟ್ಟದಲ್ಲಿ, ಅಂದರೆ 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ, ಎರಡು ಮೈಕಿನ ಒಂದು ಗಂಟೆಯ ರೆಕಾರ್ಡಿಂಗಿಗೆ ಸುಮಾರು 1 ಜಿಬಿ ಜಾಗ ಬೇಕು. ರಾತ್ರಿ 8 ಗಂಟೆಯಿಂದ ಬೆಳಗಿನ ಜಾವ 4ರ ತನಕ ಹಾಡಿದರೆ ಸುಮಾರು 8 ಜಿಬಿ. ಇವತ್ತಿನ ಲ್ಯಾಪ್‌ಟಾಪಿಗೆ ಇದು ಭಾರವಲ್ಲ. ಆದರೆ ಇಲ್ಲೊಂದು ತೊಡಕು ಇದೆ. ವೇವ್ ಎಂಬ ಸಾಮಾನ್ಯ ಧ್ವನಿ ಕಡತ 4 ಜಿಬಿಗಿಂತ ದೊಡ್ಡದಾಗಲಾರದು. ಅಂದರೆ 4 ಗಂಟೆಯ ಆಸುಪಾಸಿನಲ್ಲಿ ಅದರ ಮಿತಿ ಬರುತ್ತದೆ. ರೀಪರ್‌ನಲ್ಲಿ ಈ ಮಿತಿ ದಾಟುವ ಆರ್‌ಎಫ್ 64 ಎಂಬ ಬಗೆಯನ್ನು ಮೊದಲೇ ಆರಿಸಿಕೊಳ್ಳಬಹುದು. ಆಡಾಸಿಟಿಯಲ್ಲಿ 2021ರಿಂದ ಇಡೀ ಕೆಲಸ ಒಂದೇ ದೊಡ್ಡ ಯೋಜನಾ ಕಡತದಲ್ಲಿ ಕೂರುತ್ತದೆ. ಹೊರತೆಗೆಯುವಾಗ ಸಾಲು ಸಾಲಾಗಿ ತೆಗೆದರೆ ತೊಂದರೆಯಿಲ್ಲ. ಕರೆಂಟು ಹೋದರೆ, ಲ್ಯಾಪ್‌ಟಾಪು ನಿಂತುಹೋದರೆ, ಎರಡರಲ್ಲೂ ಅದುವರೆಗಿನ ಧ್ವನಿಯನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದು.

ಮೊಬೈಲಿನ ಬ್ಯಾಂಡ್‌ಲ್ಯಾಬ್ ಎಂಬ ಸಾಫ್ಟ್‌ವೇರು ಸಿಂಗಪುರದ್ದು. ಪುಕ್ಕಟೆ ಸಿಗುತ್ತದೆ. ಕಲಿಯುವವರಿಗೆ ಒಳ್ಳೆಯದು. ಆದರೆ ಅದರಲ್ಲಿ ಒಂದು ಯೋಜನೆಯ ಉದ್ದಕ್ಕೆ ಕೆಲವೇ ನಿಮಿಷಗಳ ಮಿತಿ ಇದೆ. ಒಂದು ತತ್ವಪದಕ್ಕೆ ಅದು ಸಾಕು. ಸಂಕಮ್ಮನ ಸಾಲಿಗೆ ಸಾಲದು.

ಇನ್ನೊಂದು ಸೌಲಭ್ಯವನ್ನು ಮರೆಯಬೇಡಿ. ಆಡಾಸಿಟಿಯಲ್ಲೂ ರೀಪರ್‌ನಲ್ಲೂ ಧ್ವನಿಯ ಪಟ್ಟಿಯ ಮೇಲೆ ಗುರುತಿನ ಚೀಟಿ ಹಾಕಬಹುದು. ಇಲ್ಲಿಂದ ಸಂಕಮ್ಮನ ಸಾಲು, ಇಲ್ಲಿಂದ ಶ್ರವಣ ದೊರೆಯ ಸಾಲು ಎಂದು ಬರೆಯಬಹುದು. ಎಂಟು ಗಂಟೆಯ ಹಾಡಿನಲ್ಲಿ ಬೇಕಾದ ಜಾಗ ಹುಡುಕಲು ಈ ಚೀಟಿಗಳೇ ದಾರಿ.

ಹೊತ್ತಿನ ಪರೀಕ್ಷೆಯಲ್ಲಿ ಗೆದ್ದವು ರೀಪರ್ ಮತ್ತು ಆಡಾಸಿಟಿ. ಈಗ ಎರಡನೆಯ ಪರೀಕ್ಷೆಗೆ ಬರೋಣ. ಅದು ಲಯ.

ನೀವು ಬಹುಪಾಲು ಸಾಫ್ಟ್‌ವೇರುಗಳನ್ನು ತೆರೆದ ಕೂಡಲೇ ಪರದೆಯ ತುಂಬ ನಿಂತ ಗೆರೆಗಳು ಕಾಣುತ್ತವೆ. ಪಕ್ಕದಲ್ಲಿ 120 ಎಂಬ ಅಂಕಿ ಇರುತ್ತದೆ. ನಿಮಿಷಕ್ಕೆ 120 ಪೆಟ್ಟು, ನಾಲ್ಕು ಪೆಟ್ಟಿಗೆ ಒಂದು ಆವರ್ತ ಎಂದು ಅದರ ಅರ್ಥ. ನೀವು ಏನೂ ಹೇಳದೆಯೇ ಯಂತ್ರ ಇದನ್ನು ತೀರ್ಮಾನ ಮಾಡಿಕೊಂಡಿರುತ್ತದೆ.

ಕಂಸಾಳೆಯ ಲಯ ಹೀಗೆ ಒಂದೇ ಅಂಕಿಗೆ ಕಟ್ಟುಬಿದ್ದು ನಡೆಯುವುದಿಲ್ಲ. ಕಥೆ ಹೇಳುವಾಗ ನಿಧಾನ. ಜಗಳದ ಸನ್ನಿವೇಶ ಬಂದರೆ ಬಿರುಸು. ಸೊಲ್ಲು ಮುಗಿದ ಮೇಲೆ ಒಂದು ಉಸಿರಿನ ನಿಲುಗಡೆ. ಬೀಸು ಕಂಸಾಳೆಯಲ್ಲಂತೂ ಕುಣಿತ ಏರಿದಂತೆ ಲಯವೂ ಏರುತ್ತದೆ. ಆ ಏರಿಕೆಯೇ ಅದರ ಜೀವ. ಅದನ್ನು 120ರ ಗೆರೆಗೆ ಎಳೆದು ಕಟ್ಟಿದರೆ ತಾಳ ಉಳಿಯುತ್ತದೆ, ಕುಣಿತ ಸಾಯುತ್ತದೆ.

ಸಾಫ್ಟ್‌ವೇರುಗಳು ಈ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ಎಫ್ಎಲ್ ಸ್ಟುಡಿಯೊದಲ್ಲಿ ಗೆರೆಗಳೇ ಮೊದಲು. ಚೌಕಗಳನ್ನು ತುಂಬಿಸುತ್ತ ಹೋದಂತೆ ಡ್ರಮ್ಮಿನ ಮಾದರಿ ಹುಟ್ಟುತ್ತದೆ. ಹೊಸ ಹಾಡು ಕಟ್ಟುವವರಿಗೆ ಇದರಷ್ಟು ಬೇಗ ಕೈಗೆ ಹತ್ತುವ ಸಾಫ್ಟ್‌ವೇರು ಕಡಿಮೆ. ಏಬಲ್ಟನ್ ಲೈವ್ ಹೊರಗಿನಿಂದ ತಂದ ಧ್ವನಿಯನ್ನು ಹಿಗ್ಗಿಸಿ ಕುಗ್ಗಿಸಿ ತನ್ನ ಲಯಕ್ಕೆ ಹೊಂದಿಸಬಲ್ಲದು. ಈ ಹೊಂದಾಣಿಕೆಗೆ ವಾರ್ಪ್ ಎನ್ನುತ್ತಾರೆ. ನಿಮ್ಮ ಕಂಸಾಳೆಯ ರೆಕಾರ್ಡಿಂಗನ್ನು ಅದರಲ್ಲಿ ತೆರೆಯುವಾಗ ವಾರ್ಪ್ ಆಗಿದೆಯೇ ಎಂದು ಮೊದಲು ನೋಡಿ. ಆಗಿದ್ದರೆ ಅದನ್ನು ನಿಲ್ಲಿಸಿಬಿಡಿ.

ಆಪಲ್ ಕಂಪನಿಯ ಲಾಜಿಕ್ ಪ್ರೊದಲ್ಲಿ 2018ರಲ್ಲಿ ಸ್ಮಾರ್ಟ್ ಟೆಂಪೊ ಎಂಬ ಸೌಲಭ್ಯ ಬಂತು. ಇದು ಹಾಡುಗಾರರ ಲಯವನ್ನು ಕೇಳಿ ತನ್ನ ಗೆರೆಗಳನ್ನೇ ಸರಿಸಿಕೊಳ್ಳುತ್ತದೆ. ಕ್ಯೂಬೇಸ್‌ನಲ್ಲೂ ಲಯ ಗುರುತಿಸುವ ವ್ಯವಸ್ಥೆ ಇದೆ. ರೀಪರ್‌ನಲ್ಲಿ ಗೆರೆಗಳನ್ನು ಪೂರ್ತಿ ಮರೆಮಾಡಿ ಬರಿಯ ನಿಮಿಷ, ಸೆಕೆಂಡಿನ ಲೆಕ್ಕದಲ್ಲಿ ಕೆಲಸ ಮಾಡಬಹುದು. ಬೇಕಾದರೆ ಆಮೇಲೆ ಹಾಡಿನ ಒಂದೊಂದು ಪೆಟ್ಟಿಗೂ ಗುರುತು ಹಾಕಿ ಗೆರೆಯನ್ನು ಹಾಡಿನ ಹಿಂದೆ ನಡೆಸಬಹುದು. ಆಡಾಸಿಟಿ ಮೊದಲಿನಿಂದಲೂ ನಿಮಿಷ ಸೆಕೆಂಡಿನದ್ದೇ. ತಾಳದ ಗೆರೆ ಅದಕ್ಕೆ ಸೇರಿದ್ದು 2023ರಲ್ಲಿ. ಬೇಕಿದ್ದರೆ ಬಳಸಬಹುದು, ಬೇಡವಾದರೆ ಬಿಡಬಹುದು.

ಇಲ್ಲಿ ನಿಯಮ ಒಂದೇ. ಗೆರೆ ಹಾಡಿನ ಹಿಂದೆ ಬರಬೇಕು. ಹಾಡು ಗೆರೆಯ ಹಿಂದೆ ಹೋಗಬಾರದು.

ಹೊತ್ತು ಆಯಿತು, ಲಯ ಆಯಿತು. ಮೂರನೆಯದು ಶ್ರುತಿ.

1997ರಲ್ಲಿ ಅಮೆರಿಕದಲ್ಲಿ ಆಟೊಟ್ಯೂನ್ ಎಂಬ ಸಾಧನ ಬಂತು. ಹಾಡುವವರ ಸ್ವರ ಸ್ವಲ್ಪ ಆಚೀಚೆ ಆದರೆ ಅದನ್ನು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುವುದು ಅದರ ಕೆಲಸ. ಈಗ ಇಂಥ ಸಾಧನ ಹೆಚ್ಚುಕಡಿಮೆ ಎಲ್ಲ ಕಡೆ ಇದೆ. ಲಾಜಿಕ್‌ನಲ್ಲಿ ಫ್ಲೆಕ್ಸ್ ಪಿಚ್, ಕ್ಯೂಬೇಸ್‌ನಲ್ಲಿ ವೇರಿಆಡಿಯೊ, ರೀಪರ್‌ನಲ್ಲಿ ರೀಟ್ಯೂನ್. ಬ್ಯಾಂಡ್‌ಲ್ಯಾಬ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು.

ಈ ಸಾಧನಕ್ಕೆ ಸಾಮಾನ್ಯವಾಗಿ ಗೊತ್ತಿರುವುದು ಹಾರ್ಮೋನಿಯಂ, ಕೀಬೋರ್ಡುಗಳ 12 ಮನೆಗಳು. ನೀಲಗಾರರು ತಂಬೂರಿಯನ್ನು ತಮ್ಮ ಗಂಟಲಿಗೆ ಹೊಂದಿಸಿಕೊಳ್ಳುತ್ತಾರೆ. ಆ ಶ್ರುತಿ ಕೀಬೋರ್ಡಿನ ಎರಡು ಮನೆಗಳ ನಡುವೆ ಬೀಳಬಹುದು. ದುಃಖದ ಭಾಗದಲ್ಲಿ ದನಿಯನ್ನು ಎಳೆದು, ಜಾರಿಸಿ, ಅರ್ಧಕ್ಕೆ ಮುರಿದು ಹಾಡುತ್ತಾರೆ. ಯಂತ್ರದ ಕಿವಿಗೆ ಅದು ತಪ್ಪು. ನಮ್ಮ ಕಿವಿಗೆ ಅದೇ ಕಥೆ. ಆಟೊಟ್ಯೂನ್ ಹಾಕಿದರೆ ಆ ಜಾರಿಕೆ ಮೆಟ್ಟಿಲಾಗುತ್ತದೆ. ಅತ್ತ ಹಾಗೆ ಕೇಳಿಸಬೇಕಾದ ದನಿ ಯಾರದೋ ದನಿಯಾಗುತ್ತದೆ. ನಮ್ಮ ಹಿರಿಯ ಹಾಡುಗಾರರ ದನಿಯ ಮೇಲೆ ಈ ಸಾಧನವನ್ನು ಬಳಸಲೇಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕೀಬೋರ್ಡು ಸೇರಿಸಬೇಕು ಎನ್ನುವವರು ಏನು ಮಾಡಬೇಕು? ಕೀಬೋರ್ಡನ್ನೇ ಹಾಡುಗಾರರ ಶ್ರುತಿಗೆ ತನ್ನಿ. ಬಹುಪಾಲು ಕೀಬೋರ್ಡುಗಳಲ್ಲೂ ಸಾಫ್ಟ್‌ವೇರ್ ವಾದ್ಯಗಳಲ್ಲೂ ಶ್ರುತಿಯನ್ನು ಸೂಕ್ಷ್ಮವಾಗಿ ಏರಿಸಿ ಇಳಿಸುವ ವ್ಯವಸ್ಥೆ ಇರುತ್ತದೆ. 2024ರಲ್ಲಿ ಬಂದ ಏಬಲ್ಟನ್ ಲೈವ್ 12ರಲ್ಲಿ ಇಡೀ ಯೋಜನೆಗೇ ಬೇರೆ ಶ್ರುತಿ ವ್ಯವಸ್ಥೆಯನ್ನು ಕೊಡಬಹುದು. ಲಾಜಿಕ್‌ನಲ್ಲೂ ಇಂಥ ಅನುಕೂಲ ಇದೆ. ನನ್ನ ಮಟ್ಟಿಗೆ, ಸ್ವರ ತಿದ್ದುವ ಸಾಧನಕ್ಕಿಂತ ಈ ಸೌಲಭ್ಯ ಹೆಚ್ಚು ಬೆಲೆಯುಳ್ಳದ್ದು.

ಹೊತ್ತು, ಲಯ, ಶ್ರುತಿ. ಮೂರು ಮುಗಿದವು. ನಾಲ್ಕನೆಯದು ನಾದ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ವಾದ್ಯಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ.

ರೆಕಾರ್ಡಿಂಗಿನಲ್ಲಿ ಹಿನ್ನೆಲೆಯ ಸದ್ದು ಬಂದರೆ ಅದನ್ನು ತೆಗೆಯುವ ಸಾಧನಗಳಿವೆ. ಆಡಾಸಿಟಿಯಲ್ಲಿ ಅದು ಎರಡು ಹಂತದ ಕೆಲಸ. ಮೊದಲು ಬರಿಯ ಸದ್ದಿರುವ ಒಂದು ತುಣುಕನ್ನು ಆರಿಸಿ, ಇದು ಬೇಡದ ಸದ್ದು ಎಂದು ತೋರಿಸಬೇಕು. ಆಮೇಲೆ ಇಡೀ ಹಾಡಿನಿಂದ ಅದನ್ನು ತೆಗೆ ಎನ್ನಬೇಕು. ರೀಪರ್‌ನಲ್ಲಿ ರೀಫರ್ ಎಂಬ ಸಾಧನ ಇದೇ ಕೆಲಸ ಮಾಡುತ್ತದೆ. ಫ್ಯಾನಿನ ಸದ್ದು, ಜನರೇಟರಿನ ಸದ್ದು ಇವಕ್ಕೆ ಇದು ಒಳ್ಳೆಯ ಮದ್ದು.

ಆದರೆ ಗಮನಿಸಿ. ಈ ಸಾಧನ ಬೇಡದ ಸದ್ದನ್ನು ಗುರುತಿಸುವುದು ಹೇಗೆ? ನೀವು ತೋರಿಸಿದ ತುಣುಕಿನಲ್ಲಿ ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದು ಅದರ ಪಾಲಿಗೆ ಬೇಡದ ಸದ್ದು. ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಇನ್ನೊಂದು ನಾದ ನಮ್ಮಲ್ಲಿದೆ. ಅದು ತಂಬೂರಿ. ಹಾಡುಗಾರರು ಸುಮ್ಮನಾದ ಜಾಗವನ್ನು ಮಾದರಿಯಾಗಿ ಆರಿಸಿದಿರಿ ಎನ್ನಿ. ಅಲ್ಲಿ ತಂಬೂರಿ ಮೀಟುತ್ತಲೇ ಇರುತ್ತದೆ. ಯಂತ್ರ ಆ ತಂಬೂರಿಯನ್ನೇ ಕಸವೆಂದು ತಿಳಿದು ಇಡೀ ಹಾಡಿನಿಂದ ಅಳಿಸಿಹಾಕುತ್ತದೆ. ಮಂಟೇಸ್ವಾಮಿಯ ಕಥೆಯಲ್ಲಿ ತಂಬೂರಿಯೇ ಇಲ್ಲದಂತಾಗುತ್ತದೆ.

ಮೊಬೈಲಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮಾತು ಸ್ಪಷ್ಟವಾಗಿ ಕೇಳಲಿ ಎಂದು ಅನೇಕ ಮೊಬೈಲುಗಳು ಹಿನ್ನೆಲೆಯ ಸದ್ದನ್ನು ತಾವಾಗಿಯೇ ತಗ್ಗಿಸುತ್ತವೆ. ಜೋರು ಸದ್ದು ಬಂದರೆ ಇಡೀ ಧ್ವನಿಯನ್ನು ತಾವಾಗಿಯೇ ಇಳಿಸುತ್ತವೆ. ಕಂಸಾಳೆಯ ಒಂದೊಂದು ಪೆಟ್ಟಿಗೂ ಹಾಡುಗಾರರ ದನಿ ಕುಸಿದು ಮೇಲೇಳುವುದಕ್ಕೆ ಇದೇ ಕಾರಣ.

ಇದಕ್ಕೆ ಪರಿಹಾರ ಕಷ್ಟವಲ್ಲ. ಹಾಡು ಶುರುವಾಗುವ ಮುನ್ನ, ತಂಬೂರಿ ಮೀಟುವ ಮುನ್ನ, ಆ ಜಾಗದ ಬರಿಯ ಸದ್ದನ್ನು 10 ಸೆಕೆಂಡು ರೆಕಾರ್ಡ್ ಮಾಡಿಕೊಳ್ಳಿ. ಮುಂದೆ ಸದ್ದು ತೆಗೆಯಬೇಕಾದರೆ ಅದೇ ಮಾದರಿಯಾಗಲಿ. ಕಂಸಾಳೆಯ ಅತಿ ಜೋರಿನ ಪೆಟ್ಟನ್ನು ಮೊದಲೇ ಹಾಕಿಸಿ ಮಟ್ಟ ನೋಡಿಕೊಳ್ಳಿ. ಆ ಪೆಟ್ಟು ಮೈನಸ್ 12 ಡೆಸಿಬೆಲ್ಲಿನ ಸುತ್ತ ನಿಲ್ಲಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಮೆಲ್ಲನೆಯ ದನಿಯನ್ನು ಆಮೇಲೆ ಏರಿಸಬಹುದು. ಮಿತಿ ಮೀರಿ ಒಡೆದುಹೋದ ಪೆಟ್ಟನ್ನು ಹಿಂದಿನ ಹಾಗೆ ಮಾಡುವುದು ಸಾಧ್ಯವಿಲ್ಲ.

ಇನ್ನು ಮೈಕುಗಳ ಮಾತು. ಮುಂದಾಳಿಗೆ ಒಂದು, ತಂಬೂರಿಗೆ ಒಂದು, ಸೊಲ್ಲು ಹಿಡಿಯುವವರಿಗೆ ಒಂದು, ತಾಳಕ್ಕೆ ಒಂದು ಎಂದು ನಾಲ್ಕು ಮೈಕು ಇಟ್ಟರೆ ನಾಲ್ಕು ಟ್ರ್ಯಾಕು ಬೇಕು. ಮೈಕುಗಳನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸ್ ಎಂಬ ಪೆಟ್ಟಿಗೆಯೂ ಬೇಕು. ಈ ಬಹುಟ್ರ್ಯಾಕಿನ ಕೆಲಸದಲ್ಲಿ ರೀಪರ್ ಆಡಾಸಿಟಿಗಿಂತ ಬಹಳ ಮುಂದಿದೆ. ಯಾವ ಮೈಕು ಯಾವ ಟ್ರ್ಯಾಕಿಗೆ ಹೋಗಬೇಕು ಎಂದು ಸುಲಭವಾಗಿ ಹಂಚಬಹುದು. ಹಾಡುಗಾರರು ಹೆಡ್‌ಫೋನಿನಲ್ಲಿ ತಮ್ಮ ದನಿಯನ್ನು ತಡವಿಲ್ಲದೆ ಕೇಳಿಸಿಕೊಳ್ಳಲೂ ಅನುಕೂಲ ಇದೆ. ಸೋಲಿಗರ ಸುತ್ತು ಕುಣಿತಕ್ಕಾದರೆ ಇಷ್ಟು ಬೇಡ. ಸುತ್ತಿನ ನಡುವೆ ಎರಡು ಮೈಕಿನ ಒಂದು ಜೋಡಿ ಇಟ್ಟರೆ ದನಿಗಳು ಸುತ್ತುವುದು ಕೇಳುಗರಿಗೂ ತಿಳಿಯುತ್ತದೆ. ಅದಕ್ಕೆ ಆಡಾಸಿಟಿ ಸಾಕು.

ನಾಲ್ಕು ಪರೀಕ್ಷೆಗಳಾದವು. ಹೊತ್ತು ಕುಗ್ಗಬಾರದು, ಲಯ ಕಟ್ಟುಬೀಳಬಾರದು, ಶ್ರುತಿ ಸರಿಯಬಾರದು, ನಾದ ಅಳಿಯಬಾರದು. ಕೊನೆಯ ಪರೀಕ್ಷೆ ಉಳಿಕೆ. ಇದರಲ್ಲಿ ಹಣದ ಉಳಿಕೆಯೂ ಇದೆ, ಹಾಡಿನ ಉಳಿಕೆಯೂ ಇದೆ.

ಹಣದ ಮಾತು ಮೊದಲು. ಆಡಾಸಿಟಿ ಪೂರ್ತಿ ಪುಕ್ಕಟೆ. ಅದರ ಒಳಗಿನ ಬರಹವೂ ಎಲ್ಲರಿಗೂ ತೆರೆದದ್ದು. ರೀಪರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಆಮೇಲೆ ಸಣ್ಣ ಆದಾಯದವರಿಗೆ 60 ಡಾಲರು, ಅಂದರೆ ಸುಮಾರು 5 ಸಾವಿರ ರೂಪಾಯಿಯ ಪರವಾನಗಿ ಸಿಗುತ್ತದೆ. ಹಳೆಯ ಕಂಪ್ಯೂಟರಿನಲ್ಲೂ ಅದು ಹಗುರವಾಗಿ ನಡೆಯುತ್ತದೆ. ಆಪಲ್ಲಿನ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆಯೇ. ಆದರೆ ಅದೂ ಲಾಜಿಕ್ ಪ್ರೊ ಕೂಡ ಆಪಲ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ಪ್ರೊ ಟೂಲ್ಸ್‌ನ ಪುಕ್ಕಟೆ ಆವೃತ್ತಿಯಲ್ಲಿ ಧ್ವನಿಯ ಟ್ರ್ಯಾಕು 8 ಮಾತ್ರ.

ಎಫ್ಎಲ್ ಸ್ಟುಡಿಯೊ ಕೊಳ್ಳುವವರು ಒಂದು ವಿಷಯ ತಿಳಿದಿರಿ. ಅದರ ಅತಿ ಕಡಿಮೆ ಬೆಲೆಯ ಆವೃತ್ತಿಯಲ್ಲಿ ಮೈಕಿನಿಂದ ದನಿಯನ್ನು ರೆಕಾರ್ಡ್ ಮಾಡುವ ಸೌಲಭ್ಯ ಬಹುಕಾಲ ಇರಲಿಲ್ಲ. ನೀವು ಕೊಳ್ಳುವ ಆವೃತ್ತಿಯಲ್ಲಿ ಅದು ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪರೀಕ್ಷೆಗೆ ಸಿಗುವ ಪುಕ್ಕಟೆ ಆವೃತ್ತಿಯಲ್ಲಿ ನಿಮ್ಮ ಕೆಲಸವನ್ನು ಉಳಿಸಬಹುದು, ಆದರೆ ಕೊಳ್ಳುವ ತನಕ ಅದನ್ನು ಮತ್ತೆ ತೆರೆಯಲಾಗದು. ಒಮ್ಮೆ ಕೊಂಡರೆ ಮುಂದಿನ ಹೊಸ ಆವೃತ್ತಿಗಳೆಲ್ಲ ಪುಕ್ಕಟೆ ಎಂಬುದು ಅದರ ದೊಡ್ಡ ಗುಣ. ಎಲ್ಲಿಂದಲೋ ಕದ್ದು ತಂದ ಪ್ರತಿಯನ್ನು ಮಾತ್ರ ಹಾಕಿಕೊಳ್ಳಬೇಡಿ. ಅದರ ಜೊತೆ ವೈರಸ್ಸು ಬರಬಹುದು. ಇಷ್ಟು ಒಳ್ಳೆಯವು ನ್ಯಾಯವಾಗಿಯೇ ಸಿಗುವಾಗ ಅದರ ಅಗತ್ಯವೂ ಇಲ್ಲ.

ಸಣ್ಣ ಸಾಧನ ಎಂದು ಹಿಂಜರಿಯಬೇಡಿ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಯಂತ್ರ ಇಟ್ಟು ಬಾನುಲಿ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಬೆಳೆದು ಬಂದದ್ದು ಅಲ್ಲಿಂದಲೇ.

ಈಗ ಹಾಡಿನ ಉಳಿಕೆಯ ಮಾತು. ಒಂದು ಸಾಫ್ಟ್‌ವೇರಿನ ಯೋಜನಾ ಕಡತವನ್ನು ಇನ್ನೊಂದು ಸಾಮಾನ್ಯವಾಗಿ ತೆರೆಯುವುದಿಲ್ಲ. ಕೇಕ್‌ವಾಕ್ ಎಂಬ, ಇಂಥದೇ ಸಾಫ್ಟ್‌ವೇರ್ ಮಾಡುವ ಕಂಪನಿ 1987ರಿಂದ ಇತ್ತು. ಅದರ ಒಡೆತನ ಹೊಂದಿದ್ದ ಗಿಬ್ಸನ್ ಕಂಪನಿ 2017ರಲ್ಲಿ ಅದರ ಕೆಲಸವನ್ನು ನಿಲ್ಲಿಸಿಬಿಟ್ಟಿತು. ಮರುವರ್ಷ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡದ್ದರಿಂದ ಬಳಕೆದಾರರು ಬಚಾವಾದರು. ಎಲ್ಲ ಸಲವೂ ಹೀಗೆ ಕೊಳ್ಳುವವರು ಸಿಗುವುದಿಲ್ಲ. ಸಾಫ್ಟ್‌ವೇರಿಗೂ ಆಯುಸ್ಸು ಇದೆ. ಹಾಡಿನ ಆಯುಸ್ಸು ಅದಕ್ಕಿಂತ ದೊಡ್ಡದಾಗಬೇಕು.

ಗುಂಡ್ಲುಪೇಟೆಯ ರೈತರಿಗೆ ಅರಿಸಿನದ ಲೆಕ್ಕ ಗೊತ್ತು. ಬೇಯಿಸಿ ಒಣಗಿಸಿದ ಅರಿಸಿನ ಮಾರಾಟಕ್ಕೆ ಹೋಗುತ್ತದೆ. ಆದರೆ ಬೇಯಿಸಿದ ಗಡ್ಡೆ ಮತ್ತೆ ಮೊಳೆಯುವುದಿಲ್ಲ. ಅದಕ್ಕೇ ಬಿತ್ತನೆಯ ಗಡ್ಡೆಯನ್ನು ಹಸಿಯಾಗಿಯೇ ತೆಗೆದಿಡುತ್ತಾರೆ. ರೆಕಾರ್ಡಿಂಗೂ ಹಾಗೆಯೇ. ಮಿಕ್ಸಿಂಗ್ ಮಾಡಿ ಯೂಟ್ಯೂಬಿಗೆ ಹಾಕುವ ಎಂಪಿ3 ಬೇಯಿಸಿದ ಅರಿಸಿನ. ಏನೂ ತಿದ್ದದ ಮೂಲ ವೇವ್ ಕಡತ ಬಿತ್ತನೆಯ ಗಡ್ಡೆ. ಅದನ್ನು ಅಳಿಸಬೇಡಿ. ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಕ್ಷಣದಿಂದ ಬೇರೆ ಬೇರೆ ವೇವ್ ಕಡತವಾಗಿ ಹೊರತೆಗೆದು ಇಡಿ. ನಾಳೆ ಯಾವ ಸಾಫ್ಟ್‌ವೇರ್ ಬಂದರೂ ಅವು ತೆರೆಯುತ್ತವೆ. ಜಾಗ ಕಡಿಮೆ ಇದ್ದರೆ ಫ್ಲ್ಯಾಕ್ ಎಂಬ ಬಗೆಯಲ್ಲಿ ಇಡಿ. ಹೆಚ್ಚುಕಡಿಮೆ ಅರ್ಧ ಜಾಗ ಸಾಕು, ಧ್ವನಿಯಲ್ಲಿ ಏನೂ ಕಳೆಯುವುದಿಲ್ಲ. ಕಡಿಮೆ ದರ್ಜೆಯ ಎಂಪಿ3ಯಲ್ಲಿ ಮೊದಲು ಕೆಡುವುದು ಕಂಸಾಳೆಯಂಥ ಕಂಚಿನ ನಾದವೇ.

ಇದು ಯಾಕೆ ಮುಖ್ಯ? ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳದವರು ಹಾಡಿದ ಮಲೆ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅದನ್ನು ಇಂಗ್ಲಿಷಿಗೆ ತಂದರು. 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಹಾಡುಗಾರರ ಹೆಸರು ಪುಸ್ತಕದ ಮೇಲೆ ಬಂದದ್ದು ಸಣ್ಣ ಗೌರವವಲ್ಲ. ಪುಸ್ತಕದಲ್ಲಿ ಮಾತು ಉಳಿಯುತ್ತದೆ. ಸೊಲ್ಲಿನ ಎಳೆತ, ತಾಳದ ಬಿರುಸು, ಉಸಿರಿನ ನಿಲುಗಡೆ ಪುಸ್ತಕದಲ್ಲಿ ಕೂರುವುದಿಲ್ಲ. ಅವನ್ನು ಉಳಿಸುವ ಕೆಲಸ ಧ್ವನಿಯನ್ನು ಹಿಡಿಯುವ ನಿಮ್ಮದು.

ಐದೂ ಪರೀಕ್ಷೆಗಳು ಮುಗಿದವು. ಈಗ ನನ್ನ ತೀರ್ಮಾನ ಹೇಳುತ್ತೇನೆ.

ಜಾತ್ರೆಯಲ್ಲೋ ಮನೆಯಂಗಳದಲ್ಲೋ ಹಾಡನ್ನು ಇದ್ದ ಹಾಗೆ ಹಿಡಿದು ಉಳಿಸಬೇಕೆ? ಆಡಾಸಿಟಿ ಸಾಕು. ಹಣವೂ ಬೇಡ, ಹೆಚ್ಚಿನ ಕಲಿಕೆಯೂ ಬೇಡ. ಹಲವು ಮೈಕು ಇಟ್ಟು ಮೇಳವನ್ನು ರೆಕಾರ್ಡ್ ಮಾಡಿ, ಮಿಕ್ಸಿಂಗ್ ಮಾಡಿ ಹೊರತರಬೇಕೆ? ರೀಪರ್ ಆರಿಸಿ. ಆಪಲ್ ಯಂತ್ರ ಇದ್ದವರಿಗೆ ಲಾಜಿಕ್ ಪ್ರೊ ಕೂಡ ಒಳ್ಳೆಯದು. ಸಿನಿಮಾ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರುವ ಆಸೆ ಇದ್ದರೆ ಪ್ರೊ ಟೂಲ್ಸ್ ಕಲಿತಿರಿ. ಹೊಸ ಹಾಡು ಕಟ್ಟಬೇಕು, ರ‍್ಯಾಪ್ ಮಾಡಬೇಕು, ಕಂಸಾಳೆಯ ಜೊತೆ ಹೊಸ ಡ್ರಮ್ಮು ಸೇರಿಸಬೇಕು ಎನ್ನುವವರಿಗೆ ಎಫ್ಎಲ್ ಸ್ಟುಡಿಯೊ, ಏಬಲ್ಟನ್ ಲೈವ್ ಒದಗುತ್ತವೆ. ಮಾಡಿ, ಸಂತೋಷವಾಗಿ ಮಾಡಿ. ಹೊಸದು ಹುಟ್ಟದೆ ಹಳೆಯದು ಬಾಳುವುದಿಲ್ಲ. ಆದರೆ ಮೊದಲು ಹಾಡನ್ನು ಅದರ ಲಯದಲ್ಲೇ ಹಿಡಿದಿಟ್ಟು, ಆಮೇಲೆ ಅದರ ಪ್ರತಿಯ ಮೇಲೆ ಹೊಸ ಕೆಲಸ ಮಾಡಿ. ಕಂಪ್ಯೂಟರೇ ಇಲ್ಲದವರು ಮೊಬೈಲಿನ ಬ್ಯಾಂಡ್‌ಲ್ಯಾಬಿನಿಂದ ಶುರುಮಾಡಿ. ಟ್ರ್ಯಾಕು, ಮಿಕ್ಸಿಂಗು ಎಂದರೇನು ಎಂದು ಅದು ಚೆನ್ನಾಗಿ ಕಲಿಸುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಾದಪ್ಪನ ಬೆಟ್ಟದಲ್ಲಿ ಜಾತ್ರೆ ನಡೆಯುತ್ತದೆ. ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಐದು ದಿನಗಳ ಜಾತ್ರೆ ನಡೆಯುತ್ತದೆ. ಮೈಕು ಹಿಡಿದು ಹೊರಡುವ ಮುನ್ನ ಹಾಡುವವರ ಒಪ್ಪಿಗೆ ಪಡೆಯಿರಿ. ಅವರ ಹೆಸರು, ಊರು, ಗುರುವಿನ ಹೆಸರು, ಹಾಡಿದ ದಿನ ಇವಿಷ್ಟನ್ನೂ ಕಡತದ ಜೊತೆಗೇ ಬರೆದಿಡಿ. ರೆಕಾರ್ಡಿಂಗಿನಿಂದ ಹಣ ಬಂದರೆ ಮೊದಲ ಪಾಲು ಅವರಿಗೆ ಸಲ್ಲಲಿ. ಮೂಲ ರೆಕಾರ್ಡಿಂಗಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಅವರ ಮನೆಗೆ ತಲುಪಿಸಿ. ಈ ಕೆಲಸಗಳನ್ನು ಯಾವ ಸಾಫ್ಟ್‌ವೇರೂ ನಿಮ್ಮ ಪರವಾಗಿ ಮಾಡುವುದಿಲ್ಲ. ದಯವಿಟ್ಟು ನೀವೇ ಮಾಡಿ.